ರೂಟರಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ: 4,000 ರೂಪಾಯಿ ಬಜೆಟ್, ಒಂದು ಟಿಕ್ ಟಿಕ್ ಸದ್ದು

ನಮಸ್ಕಾರ ಎಲ್ಲರಿಗೂ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದೇನೆ. ಕೈಗಾಡಿಗಳ ಗಲಾಟೆಯಲ್ಲಿ ನನ್ನ ಮಾತು ಕೇಳಿಸುತ್ತಿರಲಿಲ್ಲ, ಅದಕ್ಕೇ ಮನೆಗೆ ಬಂದ ಮೇಲೆ ಈ ದನಿ ಸೇರಿಸಿದ್ದೇನೆ. ಇದು ಸಾದರ್ ಪತ್ರಪ್ಪ ರಸ್ತೆ. ನಮಗೆಲ್ಲ ಎಸ್.ಪಿ. ರೋಡ್. ಬಂದ ಕೆಲಸ ಒಂದೇ, ಮನೆಗೆ ರೂಟರ್ ತೆಗೆದುಕೊಳ್ಳುವುದು. ಬಜೆಟ್ 4,000 ರೂಪಾಯಿ. ಅದರ ಬೆನ್ನಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮನೆಯವರೆಲ್ಲ ಅವರವರ ಫೋನಿನಿಂದಲೇ ಅದನ್ನು ತೆರೆಯುವಂತಿರಬೇಕು.

ಯಾಕೆ ಅಂತ ಹೇಳುತ್ತೇನೆ. ಅಪ್ಪನ ಫೋನ್ ತುಂಬಿದೆ. ಅಮ್ಮನ ಫೋನ್ ತುಂಬಿದೆ. ನನ್ನ ವಿಡಿಯೋಗಳೇ 340 ಜಿಬಿ ಇವೆ. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜಿಯ ಸೋಬಾನೆ ಪದಗಳು. ಚನ್ನರಾಯಪಟ್ಟಣದ ಮನೆಯ ಜಗಲಿಯಲ್ಲಿ ಕೂತು 2014ರಲ್ಲಿ ಹಾಡಿದ್ದು. ಅಜ್ಜಿ ಈಗ ಇಲ್ಲ. ಆ ಹಾಡುಗಳು ಕಪಾಟಿನಲ್ಲಿರುವ ಒಂದೇ ಒಂದು ಡಿಸ್ಕಿನಲ್ಲಿದ್ದವು. ಅಮ್ಮನಿಗೆ ಕೇಳಬೇಕು ಅನ್ನಿಸಿದರೆ ನಾನು ಮನೆಯಲ್ಲಿರಬೇಕು, ನನ್ನ ಲ್ಯಾಪ್‌ಟಾಪ್ ಖಾಲಿ ಇರಬೇಕು. ಅದು ಸರಿಯಲ್ಲ ಅಲ್ವಾ?

ಇದಕ್ಕೆ ಅಂತಲೇ ನಾಸ್ ಎನ್ನುವ ಡಬ್ಬಿ ಸಿಗುತ್ತದೆ. ಎರಡು ಡಿಸ್ಕ್ ಹಿಡಿಯುವ ಒಳ್ಳೆಯ ನಾಸ್ ಬೇಕು ಅಂದರೆ ಡಿಸ್ಕ್ ಬಿಟ್ಟೇ 15 ಸಾವಿರ ದಾಟುತ್ತದೆ. ನಮ್ಮಂಥ ಮನೆಗೆ ಅದು ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು. ಇಂಟರ್ನೆಟ್ ಕಂಪನಿಯವರು ಹಾಕಿಕೊಟ್ಟ ಫೈಬರ್ ಡಬ್ಬಿಯ ಹಿಂದೆಯೂ ಯುಎಸ್‌ಬಿ ಪೋರ್ಟ್ ಇರಬಹುದು. ನಮ್ಮದರಲ್ಲಿ ಪೋರ್ಟ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದರ ಮೆನುವೇ ಇಲ್ಲ. ಕೇಳಿದ್ದಕ್ಕೆ "ಅದು ಸುಮ್ನೆ ಇದೆ ಮೇಡಂ, ಕೆಲಸ ಮಾಡಲ್ಲ" ಅಂದರು. ನಿಮ್ಮ ಮನೆಯಲ್ಲಿ ಮೊದಲು ಅದನ್ನೇ ನೋಡಿ. ಕೆಲಸ ಮಾಡಿದರೆ ಒಂದು ರೂಪಾಯಿ ಖರ್ಚಿಲ್ಲ.

ಈಗ ಅಂಗಡಿಯ ಒಳಗೆ ಬಂದೆವು. ಅವರು ತೋರಿಸುತ್ತಿರುವುದು ನಾಲ್ಕು ಆಂಟೆನಾದ ರೂಟರ್. ಆಂಟೆನಾ ಎಣಿಸಬೇಡಿ. ಹಿಂದಿನ ಪೋರ್ಟ್ ನೋಡಿ. ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಅಂತ ಬರೆದಿದೆಯಾ, 10/100 (ಅಂದರೆ ಹೆಚ್ಚೆಂದರೆ 100) ಅಂತ ಇದೆಯಾ? 100 ಎಂಬಿಪಿಎಸ್ ಪೋರ್ಟ್ ಅಂದರೆ ಕೇಬಲ್ ಹಾಕಿದರೂ ಸೆಕೆಂಡಿಗೆ 12 ಎಂಬಿ ದಾಟುವುದಿಲ್ಲ. ನನ್ನ 340 ಜಿಬಿ ಕಾಪಿ ಆಗುವುದಕ್ಕೆ ಎಂಟು ಗಂಟೆಯಾದರೂ ಬೇಕು. ಇನ್ನೊಂದು ಸಮಸ್ಯೆ, ಕಡಿಮೆ ಬೆಲೆಯ ರೂಟರುಗಳಲ್ಲಿ ಯುಎಸ್‌ಬಿ ಪೋರ್ಟೇ ಇರುವುದಿಲ್ಲ. ಟಿಪಿ-ಲಿಂಕ್ ಆರ್ಚರ್ ಸಿ6 ಎಲ್ಲ ಕಡೆ ಸಿಗುತ್ತದೆ, ಗಿಗಾಬಿಟ್ ಪೋರ್ಟ್ ಇದೆ, ಯುಎಸ್‌ಬಿ ಇಲ್ಲ. ಅದೇ ಕಂಪನಿಯ ಎಎಕ್ಸ್55ರಲ್ಲಿ ಯುಎಸ್‌ಬಿ 3.0 (2.0ಗಿಂತ ವೇಗದ್ದು) ಇದೆ, ಆದರೆ ಅದು ನನ್ನ ಬಜೆಟ್ ಮೀರುತ್ತದೆ. ಹೆಸರಿನ ಮುಂದೆ ಒಂದೇ ಒಂದು ಅಕ್ಷರ ಬದಲಾದರೂ ಒಳಗಿನ ಸಾಮಾನು ಬೇರೆ. ಬಾಕ್ಸ್ ಅಡಿಯ ಸ್ಟಿಕ್ಕರಿನಲ್ಲಿ ವರ್ಷನ್ ನಂಬರ್ ಕೂಡ ಓದಿ.

ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಗಿಗಾಬಿಟ್ ಇದೆ, ಯುಎಸ್‌ಬಿ 3.0 ಇದೆ, 3,400 ರೂಪಾಯಿ. ಬಾಕ್ಸ್ ನಿಮಗೆ ಕಾಣುತ್ತಿದೆ. ಇಲ್ಲಿ ಮಳೆ ಶುರುವಾಯಿತು, ಕ್ಯಾಮೆರಾ ಒಳಗಿಟ್ಟೆ. ಕೆ.ಆರ್. ಮಾರ್ಕೆಟ್ ಕಡೆ ಹೋಗಿ ಹೂವು ತರಬೇಕು ಅಂತ ಅಮ್ಮ ಹೇಳಿದ್ದರು, ಈ ಮಳೆಯಲ್ಲಿ ಆಗಲಿಲ್ಲ. ಅಲ್ಲಿ ಮಳೆ ಬಂದಾಗ ಸೇವಂತಿಗೆ ರಾಶಿಯ ಮೇಲೆ ಟಾರ್ಪಲ್ ಎಳೆಯುವುದನ್ನು ಒಮ್ಮೆ ನಿಮಗೆ ತೋರಿಸಬೇಕು, ಅಷ್ಟು ಚಂದ. ಸರಿ, ಸರಿ, ಮನೆಯ ಶಾಟ್ ಬಂತು.

ಕೇಬಲ್ ಹಾಕುವುದು, ಪಾಸ್‌ವರ್ಡ್ ಕೊಡುವುದು, ಎಲ್ಲ ನೋಡುತ್ತಿದ್ದೀರಿ. ಡಿಸ್ಕ್ ಸಿಕ್ಕಿಸಿದೆ. ಹೆಸರು ಬಂತು. ಫೋಲ್ಡರ್ ತೆರೆಯಿತು. ಅಮ್ಮನನ್ನು ಕೂಗಿದೆ. ಅವರು ಬಂದು ಕೂತರು. ಮೊದಲ ಹಾಡು ಹಾಕಿದೆ. ಎರಡನೇ ನುಡಿಗೆ ನಿಂತುಹೋಯಿತು.

ಆಮೇಲೆ ಈ ಸದ್ದು. ಇದಕ್ಕೆ ಹಿನ್ನೆಲೆ ಸಂಗೀತ ಹಾಕಿಲ್ಲ, ಕೇಳಿ. ಟಿಕ್. ಟಿಕ್. ಟಿಕ್. ಡಿಸ್ಕಿನಿಂದಲೇ ಬರುತ್ತಿದೆ. ನನ್ನ ಕೈ ತಣ್ಣಗಾಯಿತು. ಅಮ್ಮ ಏನೂ ಮಾತಾಡಲಿಲ್ಲ, ಸುಮ್ಮನೆ ಡಿಸ್ಕನ್ನೇ ನೋಡುತ್ತಿದ್ದರು. ಕಿತ್ತೆ. ಲ್ಯಾಪ್‌ಟಾಪಿಗೆ ಹಾಕಿದೆ. ಒಂದು ನಿಮಿಷ ಏನೂ ಬರಲಿಲ್ಲ. ಆಮೇಲೆ ಬಂತು. ಎಲ್ಲ ಇತ್ತು. ಅವತ್ತು ರಾತ್ರಿಯೇ ಅಜ್ಜಿಯ ಫೋಲ್ಡರನ್ನು ಎರಡು ಪೆನ್ ಡ್ರೈವಿಗೆ ಹಾಕಿ ಒಂದನ್ನು ಅಕ್ಕನ ಮನೆಗೆ ಕಳಿಸಲು ಎತ್ತಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ದಯವಿಟ್ಟು ನೀವು ಮೊದಲೇ ಮಾಡಿ. ರೂಟರಿಗೆ ಸಿಕ್ಕಿಸಿದ ಡಿಸ್ಕ್ ಹಂಚಿಕೊಳ್ಳುವುದಕ್ಕೆ. ಅದೊಂದನ್ನೇ ನಂಬಿ ಇನ್ನೊಂದು ಪ್ರತಿ ಇಲ್ಲದೆ ಕೂರಬೇಡಿ.

ಡಿಸ್ಕ್ ಹಾಳಾಗಿರಲಿಲ್ಲ. ಅದಕ್ಕೆ ಕರೆಂಟ್ ಸಾಲುತ್ತಿರಲಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಆದರೆ 900. ಬೇರೆ ಅಡಾಪ್ಟರ್ ಇಲ್ಲದ ಸಣ್ಣ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವಾಗ ಒಂದು ಆಂಪ್ ಹತ್ತಿರ ಎಳೆಯಬಹುದು. ಶುರುವಾಗುತ್ತದೆ, ಸಾಲದೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಅದೇ ಟಿಕ್ ಟಿಕ್. ಈಗ ಈ ಅಡಾಪ್ಟರ್ ನೋಡಿ, ಹತ್ತಿರ ತೋರಿಸುತ್ತೇನೆ. 12 ವೋಲ್ಟ್, 1 ಆಂಪ್. ಒಟ್ಟು 12 ವಾಟ್. ಅದರಲ್ಲಿ ರೂಟರೂ ಓಡಬೇಕು, ಎರಡು ವೈಫೈ ರೇಡಿಯೋ ಓಡಬೇಕು, 5 ವಾಟ್ ಎಳೆಯುವ ಡಿಸ್ಕೂ ಓಡಬೇಕು. ಹೇಗೆ ಆಗುತ್ತದೆ? ಬಾಕ್ಸಿನ ಮೇಲೆ ಹಾರ್ಡ್ ಡಿಸ್ಕಿನ ಚಿತ್ರವನ್ನೇ ಹಾಕಿದ್ದಾರೆ. ಇದು ನನಗೆ ನಿಜಕ್ಕೂ ಕೋಪ ತಂದ ವಿಷಯ. ಅಂಗಡಿಯಲ್ಲಿ ಯಾರೂ ಆಂಪ್ ಮಾತೇ ಎತ್ತಲಿಲ್ಲ. ನೀವು ಹೋದಾಗ ಬಾಕ್ಸ್ ಬಿಚ್ಚಿಸಿ, ಅಡಾಪ್ಟರ್ ಓದಿ. ಒಂದೂವರೆ, ಎರಡು ಆಂಪ್ ಇದ್ದರೆ ಮಾತ್ರ ಮುಂದಿನ ಮಾತು.

ನಾನು ಮತ್ತೆ ಹೋಗಿ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದೆ. ರೂಟರಿಗೂ ಡಿಸ್ಕಿಗೂ ನಡುವೆ ಕೂತು ಡಿಸ್ಕಿಗೆ ಕರೆಂಟ್ ಕೊಡುವ ಡಬ್ಬಿ. 850 ರೂಪಾಯಿ. ಕೇಬಲ್ ಸೇರಿ ಒಟ್ಟು 4,400 ಆಯಿತು. ಬಜೆಟ್ ಮೀರಿತು, ಬೇಜಾರಾಯಿತು. ಆದರೆ ಟಿಕ್ ಟಿಕ್ ನಿಂತಿತು. ಪೆನ್ ಡ್ರೈವ್ ಅಥವಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕುವವರಿಗೆ ಈ ತೊಂದರೆ ಕಡಿಮೆ.

ಯುಎಸ್‌ಬಿ 3.0 ಇಲ್ಲದ ರೂಟರ್ ತೆಗೆದುಕೊಳ್ಳಲೇಬೇಡಿ ಅಂತ ಮೊದಲು ರೆಕಾರ್ಡ್ ಮಾಡಿದ್ದೆ. ಅದನ್ನು ಕತ್ತರಿಸಿದೆ. ಡಿಸ್ಕ್ ಓಡುವಾಗ ಅಡುಗೆಮನೆಯಲ್ಲಿ 2.4 ಗಿಗಾಹರ್ಟ್ಸ್ ವೈಫೈ ಬಿದ್ದುಹೋಗುತ್ತಿತ್ತು. ಯುಎಸ್‌ಬಿ 3.0 ಓಡುವಾಗ ಅದೇ ಅಲೆಯಲ್ಲಿ ಗದ್ದಲ ಎಬ್ಬಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ಸೆಟ್ಟಿಂಗ್ಸ್‌ನಲ್ಲಿ 2.0ಕ್ಕೆ ಇಳಿಸಿದೆ. ಸೆಕೆಂಡಿಗೆ 30 ಎಂಬಿ ಹತ್ತಿರ ಬರುತ್ತಿದೆ. ಹಾಡಿಗೆ, ಫೋಟೋಗೆ, ಟಿವಿಗೆ ಧಾರಾಳ. ಹಾಗಾಗಿ 2.0 ಇರುವ ಗಿಗಾಬಿಟ್ ರೂಟರ್ ಕಡಿಮೆಗೆ ಸಿಕ್ಕರೆ ತೆಗೆದುಕೊಳ್ಳಿ. ಆದರೆ ಡಿಸ್ಕಿನ ಕರೆಂಟಿಗೆ ಹಬ್ ಲೆಕ್ಕ ಸೇರಿಸಿಕೊಳ್ಳಿ.

ಬೇಗ ಎರಡು ವಿಷಯ. ವಿಂಡೋಸ್‌ನಲ್ಲಿ ಡಿಸ್ಕ್ ತೆರೆಯಲು ಹೋದಾಗ ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೇ ವಿಧಾನ) ಬೇಕು ಅಂತ ಬಂದರೆ ಅದನ್ನು ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದೇ ಹಳೇ ಬಾಗಿಲಿನಿಂದ. ಮೈಕ್ರೋಸಾಫ್ಟ್ ಆ ವರ್ಷದ ಕೊನೆಯಿಂದ ಹೊಸ ವಿಂಡೋಸ್ 10ರಲ್ಲಿ ಅದನ್ನು ಹಾಕುವುದನ್ನೇ ಬಿಟ್ಟಿತು. ಎಸ್‌ಎಂಬಿ 2 ಇರುವ ರೂಟರೇ ಬೇಕು. ಎರಡನೆಯದು, ಕರೆಂಟ್ ಹೋಗುವ ಊರು ನಮ್ಮದು. ಬರೆಯುತ್ತಿರುವಾಗ ಡಿಸ್ಕ್ ಆಫ್ ಆದರೆ ಫೈಲ್ ಕೆಡಬಹುದು. ರೂಟರನ್ನು ಮಾತ್ರ ಯುಪಿಎಸ್‌ಗೆ ಹಾಕಿದರೆ ಸಾಲದು, ಹಬ್ ಕೂಡ ಹಾಕಿ.

ಇದು ಈ ಬೆಳಿಗ್ಗೆಯ ಶಾಟ್. ಅಪ್ಪನ ಫೋನಿನಲ್ಲಿ ವಿಎಲ್‌ಸಿ ಎನ್ನುವ ಪ್ಲೇಯರ್ ಆಪ್ ಹಾಕಿಕೊಟ್ಟಿದ್ದೇನೆ, ಡಿಸ್ಕ್ ಕಾಣುತ್ತಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಗೊತ್ತಾಯಿತು. ಅವರ ಫೋನ್ ಇನ್ನೂ ಹಳೇ ಫೈಬರ್ ಡಬ್ಬಿಯ ವೈಫೈಗೆ ಸೇರಿಕೊಂಡಿದೆ. ಹೊಸ ರೂಟರ್ ಅದರ ಹಿಂದೆ ಬೇರೆಯದೇ ನೆಟ್‌ವರ್ಕ್ ಮಾಡಿಕೊಂಡು ಕೂತಿರುವುದರಿಂದ ಅಲ್ಲಿಂದ ಡಿಸ್ಕ್ ಕಾಣುವುದಿಲ್ಲ. ಹಳೇ ವೈಫೈ ಆಫ್ ಮಾಡಿದೆ.

"ಈಗ ನೋಡಿ ಅಪ್ಪ, ಬಂತಾ?"

"ಬಂತು ಕಣಮ್ಮ. ಇದರಲ್ಲಿ 2014 ಎಲ್ಲಿದೆ?"