ದಂಡನಾಯಕನೂ ರಣರಂಗದಲ್ಲೇ ಇದ್ದಾಗ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಚಂದ್ರನ ನೆಲ. ಅದರ ಮೇಲೆ ತುಸು ಎತ್ತರದಲ್ಲಿ ತೇಲುತ್ತಾ ಸಾಗುತ್ತಿರುವುದು ನನ್ನ ಟ್ಯಾಂಕ್. ಆ್ಯಕ್ಟಿವಿಷನ್ ಕಂಪನಿ 1998ರಲ್ಲಿ ಹೊರತಂದ ‘ಬ್ಯಾಟಲ್‌ಝೋನ್’ ಎಂಬ ಕಂಪ್ಯೂಟರ್ ಆಟವಿದು. ಅಟಾರಿಯವರು 1980ರಲ್ಲಿ ಹಸಿರು ಗೆರೆಗಳಲ್ಲೇ ಮೂಡಿಸಿದ್ದ, ನಾಣ್ಯ ಹಾಕಿ ಆಡುವ ಆರ್ಕೇಡ್ ಆಟದ ಹೆಸರನ್ನು ಇದು ಎರವಲು ಪಡೆದಿದೆ. ಆದರೆ ಶೀತಲ ಸಮರದ ದಿನಗಳಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಬಾಹ್ಯಾಕಾಶದಲ್ಲಿ ಗುಟ್ಟಾಗಿ ಕಾದಾಡಿದವೆಂಬ ಕಥೆಯೂ ಆಡುವ ಬಗೆಯೂ ಇದರ ಸ್ವಂತದ್ದು.

ಸಾಮಾನ್ಯವಾಗಿ ಸ್ಟ್ರಾಟಜಿ ಆಟಗಳಲ್ಲಿ ನಾವು ಮೇಲಿನಿಂದ ಇಡೀ ರಣರಂಗವನ್ನು ನೋಡುತ್ತೇವೆ, ಶೂಟರ್ ಆಟಗಳಲ್ಲಿ ಒಬ್ಬ ಸೈನಿಕನ ಕಣ್ಣಿನಿಂದ ನೋಡುತ್ತೇವೆ. ಇವೆರಡನ್ನೂ ಒಂದೇ ಆಟದೊಳಗೆ ತಂದ ಮಾತ್ರಕ್ಕೆ ಹೊಸತನ ಬಂದುಬಿಡುವುದಿಲ್ಲ. 1988ರಷ್ಟು ಹಿಂದೆಯೇ ‘ಕ್ಯಾರಿಯರ್ ಕಮಾಂಡ್’ ಅಂಥ ಬೆಸುಗೆಯನ್ನು ಮಾಡಿ ತೋರಿಸಿತ್ತು. ಒಂದು ಬಗೆಯ ಆಟ ಇನ್ನೊಂದನ್ನು ಬದಲಿಸಬೇಕು. ನಾನು ಹುಡುಕುವ ಹೊಸತನ ಅದು.

‘ಬ್ಯಾಟಲ್‌ಝೋನ್’ನಲ್ಲಿ ಅದು ಗುಜರಿಯ ಮೂಲಕ ಆಗುತ್ತದೆ. ಸಿಡಿದುಹೋದ ವಾಹನಗಳ ಚೂರುಗಳು ನೆಲದ ಮೇಲೆ ಉಳಿಯುತ್ತವೆ, ಅವನ್ನು ಆಯ್ದು ತರುವುದಕ್ಕೆಂದೇ ಗಾಡಿಗಳಿವೆ, ಹೊಸ ಟ್ಯಾಂಕುಗಳು ತಯಾರಾಗುವುದು ಆ ಗುಜರಿಯಿಂದಲೇ. ಹೀಗಾಗಿ ಶತ್ರುವನ್ನು ಎಲ್ಲಿ ಹೊಡೆದುರುಳಿಸುತ್ತೇನೆ ಎಂಬುದು ನನ್ನ ಗುರಿಗಾರಿಕೆಯ ಪ್ರಶ್ನೆಯಷ್ಟೇ ಅಲ್ಲ, ಸಂಪತ್ತು ಯಾರ ಅಂಗಳದಲ್ಲಿ ಬೀಳುತ್ತದೆ ಎಂಬ ಪ್ರಶ್ನೆಯೂ ಹೌದು. ಅಪ್ಪಣೆಗಳನ್ನು ಕೊಡುವುದು ಕೂಡ ಟ್ಯಾಂಕಿನೊಳಗೆ ಕುಳಿತೇ. ನಾನು ಕೀಲಿಮಣೆಯ ಅಂಕಿಗಳನ್ನು ಒತ್ತುತ್ತಿರುವಾಗ ಶತ್ರು ನನಗಾಗಿ ಕಾಯುವುದಿಲ್ಲ.

ಈಗ ಈ ಗಳಿಗೆಯನ್ನು ಗಮನಿಸಿ. ನನ್ನ ಟ್ಯಾಂಕ್ ನಾಶವಾಯಿತು, ನಾನು ಹೊರಕ್ಕೆ ಚಿಮ್ಮಿ ಬರಿಯ ಕಾಲಾಳಾಗಿ ನಿಂತಿದ್ದೇನೆ. ಎದುರಿಗೆ ಬರುತ್ತಿರುವ ಟ್ಯಾಂಕಿನ ಚಾಲಕನಿಗೆ ಸ್ನೈಪರ್ ರೈಫಲ್‌ನಿಂದ ಗುರಿಯಿಟ್ಟು ಹೊಡೆದರೆ ವಾಹನಕ್ಕೆ ಏನೂ ಆಗದೆ ಒಳಗಿನವನಷ್ಟೇ ಸಾಯುತ್ತಾನೆ. ಓಡಿಹೋಗಿ ಅದನ್ನೇರಿದರೆ ಅದು ನನ್ನದು. ಒಂದೇ ಗುಂಡಿನಿಂದ ಅವರ ಲೆಕ್ಕದಲ್ಲಿ ಒಂದು ಕಳೆದು, ನಮ್ಮ ಲೆಕ್ಕಕ್ಕೆ ಒಂದು ಕೂಡಿತು. ಇಷ್ಟು ವರ್ಷಗಳ ನಂತರವೂ ಈ ಗಳಿಗೆಯಲ್ಲಿ ನನ್ನ ಎದೆಬಡಿತ ಏರುತ್ತದೆ.

2002ರಲ್ಲಿ ‘ಹಾಫ್-ಲೈಫ್’ ಎಂಬ ಶೂಟರ್ ಆಟದ ಮಾಡ್ (ಇದ್ದ ಆಟವನ್ನೇ ಮಾರ್ಪಡಿಸಿ ಮಾಡಿದ ಹೊಸ ಆಟ) ಆಗಿ ಬಂದ ‘ನ್ಯಾಚುರಲ್ ಸೆಲೆಕ್ಷನ್’ ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಮಾನವರ ತಂಡ ಅನ್ಯಜೀವಿಗಳ ತಂಡದೊಡನೆ ಕಾದಾಡುತ್ತದೆ. ಮಾನವರ ತಂಡದಲ್ಲಿ ಒಬ್ಬ ಆಟಗಾರ ಕಮಾಂಡರನಾಗಿ ಕುರ್ಚಿಯಲ್ಲಿ ಕುಳಿತು ಮೇಲಿನಿಂದ ನೋಡುತ್ತಾನೆ. ಉಳಿದವರು ಕೆಳಗೆ ಬಂದೂಕು ಹಿಡಿದು ಓಡುತ್ತಾರೆ. ಸ್ಟ್ರಾಟಜಿ ಆಟದಲ್ಲಿ ಮೌಸ್ ಒತ್ತಿದೊಡನೆ ಮರುಮಾತಿಲ್ಲದೆ ಹೊರಡುತ್ತಿದ್ದ ಸೈನಿಕರ ಜಾಗದಲ್ಲಿ ಇಲ್ಲಿ ನಿಜವಾದ ಮನುಷ್ಯರಿದ್ದಾರೆ. ಕಮಾಂಡರ್ ಹೇಳಿದ ಮಾತನ್ನು ಅವರು ಕೇಳಬಹುದು, ಕೇಳದೆಯೂ ಇರಬಹುದು. ಗಾಯಗೊಂಡವನೊಬ್ಬ ಮದ್ದಿಗಾಗಿ ಕೂಗಿದಾಗ, ತಂಡದ ಸಂಪನ್ಮೂಲವನ್ನು ಖರ್ಚುಮಾಡಿ ಅವನ ಕಾಲಬುಡದಲ್ಲೇ ಔಷಧದ ಪೊಟ್ಟಣ ಇಳಿಸಬೇಕೇ, ಅಥವಾ ಹೊಸ ಆಯುಧಕ್ಕೆಂದು ಅದನ್ನು ಉಳಿಸಿಕೊಳ್ಳಬೇಕೇ ಎಂದು ಕಮಾಂಡರ್ ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ನನ್ನ ಪಾಲಿಗೆ ಈ ಆಟದ ಅತ್ಯಂತ ಸ್ವಂತಿಕೆಯ ಭಾಗವಿದು, ಏಕೆಂದರೆ ಇಲ್ಲಿ ತಂತ್ರವೆಂದರೆ ಇನ್ನೊಬ್ಬರ ನಂಬಿಕೆಯನ್ನು ಗಳಿಸುವುದೂ ಹೌದು.

ಕೊನೆಯ ಈ ದೃಶ್ಯದಲ್ಲಿ ಅನ್ಯಜೀವಿಗಳು ನಮ್ಮ ನೆಲೆಯೊಳಗೇ ನುಗ್ಗಿವೆ. ತಂಡದವರೆಲ್ಲ ದೂರದಲ್ಲಿದ್ದಾರೆ. ನಾನು ಕಮಾಂಡರನ ಕುರ್ಚಿಯಿಂದ ಎದ್ದು, ಬಂದೂಕು ಹಿಡಿದು, ಬಾಗಿಲಿನತ್ತ ತಿರುಗುತ್ತಿದ್ದೇನೆ.