ತೂಕದ ಚೀಟಿಯ ಹಾಗೆ ಒಂದು ಫಾರ್ಮ್

ಕೇಳುಗರೇ, ನಮಸ್ಕಾರ.

2 ಕ್ವಿಂಟಾಲ್ 5 ಕಿಲೋ ಅಡಿಕೆ. ಕಂಪ್ಯೂಟರಿನಲ್ಲಿ ಒಂದೇ ಖಾನೆ ಇದ್ದರೆ ಇದನ್ನು ಹೇಗೆ ಬರೆಯುತ್ತೀರಿ? 2.05 ಎಂದು ಬರೆಯಬೇಕು. ಆದರೆ ಎದುರಿಗೆ ಹತ್ತು ಜನ ಚೀಟಿ ಹಿಡಿದು ನಿಂತಿರುವಾಗ ಕೈ 2.5 ಎಂದು ಒತ್ತಿಬಿಡುತ್ತದೆ. 205 ಕಿಲೋ ಇದ್ದದ್ದು 250 ಆಯಿತು. ಇಲ್ಲದ 45 ಕಿಲೋ ಅಡಿಕೆ ಲೆಕ್ಕದಲ್ಲಿ ಬಂದು ಕೂತಿತು.

ಶಿರಸಿ ಸೀಮೆಯ ಒಂದು ಸಂಘದಲ್ಲಿ ನಿಜವಾಗಿ ಹೀಗಾಯಿತು. ಅಲ್ಲಿಗೆ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಲೆಕ್ಕ ಬರೆಯುವ ಅಕ್ಕ ತುಂಬಾ ನೊಂದುಕೊಂಡರು. ಆದರೆ ತಪ್ಪು ಅವರದಾಗಿರಲಿಲ್ಲ, ನನ್ನ ಫಾರ್ಮಿನದಾಗಿತ್ತು.

ನಾನು ಬಳಸುವುದು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್. ವೆಬ್ ತಂತ್ರಾಂಶ ಬರೆಯಲು ಒಂದು ಸಿದ್ಧ ಚೌಕಟ್ಟು ಎನ್ನಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಒಂದು ಪತ್ರಿಕೆಯಲ್ಲಿ 2003ರಲ್ಲಿ ಅದು ಶುರುವಾಯಿತು. 2005ರಲ್ಲಿ ಎಲ್ಲರಿಗೂ ಸಿಕ್ಕಿತು. ಅದರ ಜೊತೆಗೇ ಅಡ್ಮಿನ್ ಎಂಬ ಭಾಗ ಬರುತ್ತದೆ. ಯಾವ ಯಾವ ಮಾಹಿತಿ ಇಡಬೇಕು ಎಂದು ಬರೆದು ನೋಂದಾಯಿಸಿದರೆ ಸಾಕು, ತುಂಬುವ ಫಾರ್ಮನ್ನು ಅದೇ ಮಾಡಿಕೊಡುತ್ತದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ನಡೆಯುವ ಹಾಗಾಗುತ್ತದೆ. ನನಗೆ ಇವತ್ತಿಗೂ ಅದರ ಮೇಲೆ ಪ್ರೀತಿ ಜಾಸ್ತಿ.

ಆದರೆ ಆ ಫಾರ್ಮ್ ಇರುವುದು ಮಾಹಿತಿ ಕೂಡಿಡುವ ಡೇಟಾಬೇಸಿನ ಅಚ್ಚಿನಲ್ಲಿ. ತುಂಬುವವರ ಕೈಗೆ ಅದು ಹೊಂದಬೇಕಾದರೆ ನಾವು ಕೂತು ತಿದ್ದಬೇಕು. ನಾನು ತಿದ್ದಿರಲಿಲ್ಲ.

ಒಂದು ದಿನ ಆ ಅಕ್ಕನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಎಡಗೈಯಲ್ಲಿ ತೂಕದ ಚೀಟಿ, ಬಲಗೈ ಕೀಲಿಮಣೆಯ ಮೇಲೆ. ಮೌಸ್ ಮುಟ್ಟುವುದೇ ಇಲ್ಲ. ಒಂದು ಖಾನೆಯಿಂದ ಇನ್ನೊಂದಕ್ಕೆ ಟ್ಯಾಬ್ ಒತ್ತಿ ಹೋಗುತ್ತಾರೆ. ಚೀಟಿಯಲ್ಲಿ ಮೊದಲು ಊರು, ಆಮೇಲೆ ಹೆಸರು, ಆಮೇಲೆ ಅಡಿಕೆಯ ವಿಧ, ಕೊನೆಗೆ ತೂಕ. ನನ್ನ ಫಾರ್ಮಿನಲ್ಲಿ ಮೊದಲೇ ತೂಕ, ಊರು ತಳದಲ್ಲಿ. "ತಮಾ, ಚೀಟಿ ಒಂದು ಕಡೆ ಹೋಗುತ್ತದೆ, ಇದು ಇನ್ನೊಂದು ಕಡೆ ಹೋಗುತ್ತದೆ" ಎಂದರು. ಅಷ್ಟೇ ಮಾತು. ನನಗೆ ಬೇಕಾದದ್ದು ಅದರಲ್ಲೇ ಇತ್ತು.

ಕ್ರಮ ಬದಲಿಸುವುದು ಸುಲಭ. ಫೀಲ್ಡ್‌ಸೆಟ್ಸ್ ಎಂಬಲ್ಲಿ ಖಾನೆಗಳ ಹೆಸರನ್ನು ಬೇಕಾದ ಸಾಲಿನಲ್ಲಿ ಬರೆದರಾಯಿತು. ಟ್ಯಾಬ್ ಕೂಡ ಅದೇ ದಾರಿಯಲ್ಲಿ ಓಡುತ್ತದೆ.

ಸದಸ್ಯರ ಹೆಸರಿನದು ದೊಡ್ಡ ತೊಡಕಾಗಿತ್ತು. ನಮ್ಮ ಕಡೆ ಗಣಪತಿ, ನಾರಾಯಣ, ಮಂಜುನಾಥ ಎಂದರೆ ಎಷ್ಟು ಜನ! ಮನೆತನದ ಹೆಸರು ಸೇರಿಸಿದರೂ ಬೇರೆ ಮಾಡುವುದು ಕಷ್ಟ. ಯಾವ ಊರಿನವರು ಎಂದು ಕೇಳಿಯೇ ನಾವು ಗುರುತು ಹಿಡಿಯುವುದು, ಅಲ್ವಾ? ಅಡ್ಮಿನ್ ಮಾತ್ರ ಎಲ್ಲ ಸದಸ್ಯರನ್ನೂ ಒಂದು ಉದ್ದದ ಪಟ್ಟಿಯಲ್ಲಿ ಸುರಿಯುತ್ತದೆ. ಅದರಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಒಬ್ಬರ ಅಡಿಕೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ. 2017ರ ಕೊನೆಗೆ ಬಂದ ಜಾಂಗೋ 2.0ರಿಂದ ಇದಕ್ಕೆ ಆಟೋಕಂಪ್ಲೀಟ್ ಫೀಲ್ಡ್ಸ್ ಎಂಬ ಅನುಕೂಲ ಇದೆ, ಟೈಪ್ ಮಾಡಿದ್ದಕ್ಕೆ ಹೊಂದುವ ಹೆಸರುಗಳನ್ನಷ್ಟೇ ತೋರಿಸುತ್ತದೆ. ಅದನ್ನು ಹಾಕಿ, ಸದಸ್ಯರ ಅಡ್ಮಿನ್‌ನಲ್ಲಿ ಹೆಸರು, ಊರು, ಸದಸ್ಯ ಸಂಖ್ಯೆ ಮೂರರಲ್ಲೂ ಹುಡುಕು ಎಂದು ಹೇಳಬೇಕು. ಆಗ "ಗಣಪತಿ ಹುಲೇಕಲ್" ಎಂದು ಟೈಪ್ ಮಾಡಿದರೆ ಎರಡೂ ಪದ ಹೊಂದುವವರು ಮಾತ್ರ ಬರುತ್ತಾರೆ. ಪಟ್ಟಿಯಲ್ಲಿ ಕಾಣುವ ಹೆಸರಿಗೂ ಊರು ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ ಊರು ಸೇರಿಸಿ ಹುಡುಕಿದರೂ ಸರಿಯಾದವರು ಬಂದರೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಕಾರವಾರದ ಮೀನುಗಾರರ ಸಂಘವಾದರೆ ಊರಿನ ಬದಲು ದೋಣಿಯ ನಂಬರು ಬೇಕಾದೀತು. ಅದನ್ನು ಅಲ್ಲಿ ಲೆಕ್ಕ ಬರೆಯುವವರನ್ನೇ ಕೇಳಬೇಕು.

ಅಡಿಕೆಯ ವಿಧಕ್ಕೆ ಪಟ್ಟಿ ಬೇಡ ಎನಿಸಿತು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು. ಐದನ್ನೂ ರೇಡಿಯೋ ಬಟನ್ ಆಗಿ ಅಡ್ಡಸಾಲಿನಲ್ಲಿ ಇಟ್ಟೆ. ಬಾಣದ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಷರಾ ಬರೆಯುವ ದೊಡ್ಡ ಪೆಟ್ಟಿಗೆಯನ್ನು ಫಾರ್ಮ್‌ಫೀಲ್ಡ್ ಓವರ್‌ರೈಡ್ಸ್ ಬಳಸಿ ಎರಡು ಸಾಲಿಗೆ ಇಳಿಸಿದೆ. ಒಂದು ಎಚ್ಚರ: ಇದು ಆ ಅಡ್ಮಿನ್‌ನಲ್ಲಿರುವ ಅದೇ ಜಾತಿಯ ಎಲ್ಲ ಖಾನೆಗಳಿಗೂ ತಾಗುತ್ತದೆ. ಒಂದನ್ನೇ ಬದಲಿಸಬೇಕೆಂದರೆ ಅಡ್ಮಿನ್ ಮಾಡಿಕೊಡುವ ಫಾರ್ಮಿನ ಬದಲು ಸ್ವಂತ ಮಾಡೆಲ್‌ಫಾರ್ಮ್ ಬರೆದು ಅದರಲ್ಲಿ ವಿಜೆಟ್, ಅಂದರೆ ಖಾನೆ ಪರದೆಯಲ್ಲಿ ಕಾಣುವ ರೂಪ, ಯಾವುದೆಂದು ಹೇಳುವುದು ಒಳ್ಳೆಯದು.

ಇನ್ನು ತೂಕ. ಮೊದಲು ನಾನು ಖಾನೆಯ ಕೆಳಗೆ "5 ಕಿಲೋ ಎಂದರೆ 0.05" ಎಂದು ಸೂಚನೆ ಬರೆದೆ. ಗಡಿಬಿಡಿಯಲ್ಲಿ ಸೂಚನೆಯನ್ನು ಯಾರು ಓದುತ್ತಾರೆ? ಬಿಂದುವೇ ಬೇಡ ಎಂದು ತೀರ್ಮಾನಿಸಿದೆ. ಫಾರ್ಮಿನಲ್ಲಿ ಎರಡು ಖಾನೆ ಮಾಡಿದೆ, ಕ್ವಿಂಟಾಲಿಗೆ ಒಂದು, ಕಿಲೋಗೆ ಒಂದು. ಚೀಟಿಯಲ್ಲೂ ಹಾಗೇ ಇದೆ. ಡೇಟಾಬೇಸಿನಲ್ಲಿ ಹಳೆಯ ಒಂದೇ ಖಾನೆ ಉಳಿಯಿತು. ತುಂಬಿದ್ದನ್ನು ಉಳಿಸುವ ಮೊದಲು ಪರೀಕ್ಷಿಸುವ, ಫಾರ್ಮಿನ ಕ್ಲೀನ್ ಎಂಬ ಭಾಗದಲ್ಲಿ ಎರಡನ್ನೂ ಕೂಡಿಸಿ ಅದಕ್ಕೆ ತುಂಬುತ್ತೇನೆ. ಕಿಲೋ 100 ಮುಟ್ಟಿದರೆ ಅಲ್ಲೇ ತಡೆಯುತ್ತೇನೆ. ವಿಜೆಟ್ ಬದಲಿಸಿದರೆ ನೋಟ ಮಾತ್ರ ಬದಲಾಗುತ್ತದೆ, ತಪ್ಪು ಹಿಡಿಯುವ ಕೆಲಸ ಈ ಕ್ಲೀನ್‌ನದು.

ಇಲ್ಲೊಂದು ಕಡೆ ನಾನು ಎಡವಿದೆ. ಹಳೆಯ ದಾಖಲೆ ತೆರೆದರೆ ಎರಡೂ ಖಾನೆ ಖಾಲಿ! ಅವು ಡೇಟಾಬೇಸಿನಲ್ಲಿ ಇಲ್ಲದ ಖಾನೆಗಳು, ಅಡ್ಮಿನ್ ಅವನ್ನು ತಾನಾಗಿ ತುಂಬುವುದಿಲ್ಲ. ಫಾರ್ಮ್ ತೆರೆಯುವಾಗ 2.05ನ್ನು ಬಿಡಿಸಿ 2 ಮತ್ತು 5 ಎಂದು ನಾವೇ ಇಡಬೇಕು.

ಮರುದಿನ ಅಕ್ಕ ಚೀಟಿ ಹಿಡಿದು ಕೂತರು. ಊರು, ಹೆಸರು, ಚಾಲಿ, 2, ಟ್ಯಾಬ್, 5. ಪರದೆಯ ಕಡೆ ಒಮ್ಮೆ ನೋಡಿ, ಮುಂದಿನ ಚೀಟಿಗೆ ಕೈ ಚಾಚಿದರು.

ನಮಸ್ಕಾರ.