ಮನೆಗೆ ಹತ್ತಿರ ಒಂದು ಸಾಫ್ಟ್‌ವೇರ್ ಕೆಲಸ: ನನ್ನ ಐದು ತಿಂಗಳ ಹುಡುಕಾಟ

ಎಲ್ಲರಿಗೂ ನಮಸ್ಕಾರ. ಮೊದಲು ಈ ಪುಟ್ಟ ಬಾಟಲಿ ನೋಡಿ. ನನ್ನ ಕಿರುಬೆರಳಿನಷ್ಟು ಉದ್ದವೂ ಇಲ್ಲ. ಅಪ್ಪನ ಕಣ್ಣಿಗೆ ಹಾಕುವ ಹನಿ ಇದು. ಅವರಿಗೆ ಗ್ಲಾಕೋಮಾ ಇದೆ, ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ. ಒಮ್ಮೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಂದರೆ ದಿನಾ ರಾತ್ರಿ ಒಂದೇ ಹೊತ್ತಿಗೆ ಹನಿ ಬೀಳಬೇಕು.

ಅಪ್ಪನ ಕೈ ನಡುಗುತ್ತದೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಒಂದು ರಾತ್ರಿ ಆಫೀಸಿನಿಂದ ನಾನು ಬರುವಾಗ ಒಂಬತ್ತೂ ಮುಕ್ಕಾಲು. ಅಪ್ಪನ ಶರ್ಟಿನ ಕಾಲರ್ ಒದ್ದೆಯಾಗಿತ್ತು. "ಹಾಕಿಕೊಂಡೆ ಕಣಮ್ಮ, ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ" ಅಂದರು. ತಿಂಗಳಿಗೆ ಸಾಲಬೇಕಾದ ಬಾಟಲಿ ವಾರಕ್ಕೇ ಅರ್ಧ ಖಾಲಿಯಾಗಿತ್ತು. ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಹೊಸ ಕೆಲಸ ಹುಡುಕಲು ಕೂತೆ.

ಮೊದಲು ಮಾಡಿದ್ದು ಒಂದು ಲೆಕ್ಕ. ಆಫೀಸಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ದಿನಕ್ಕೆ 3, ವಾರಕ್ಕೆ 15 ಗಂಟೆ. ರಜೆಗಳನ್ನು ಬಿಟ್ಟು ವರ್ಷಕ್ಕೆ 48 ವಾರ ಅಂತ ಹಿಡಿದರೂ 720 ಗಂಟೆ. ಅಂದರೆ ಹಗಲು ರಾತ್ರಿ ಸೇರಿಸಿ ಪೂರ್ತಿ 30 ದಿನ. ಆ ಸಂಖ್ಯೆ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

"ಅಭ್ಯಾಸ ಆಗುತ್ತೆ ಬಿಡು" ಅಂತ ಗೆಳತಿಯೊಬ್ಬಳು ಅಂದಳು. ಎಲ್ಲರೂ ಹೇಳುವ ಮಾತೇ. ನಿಜವಾ ಅಂತ ಓದಿ ನೋಡಿದೆ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ಟೆಕ್ಸಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಮಹಿಳೆಯರಿಂದ ಹಿಂದಿನ ದಿನ ಏನೇನು ಮಾಡಿದರು, ಆಗ ಮನಸ್ಸು ಹೇಗಿತ್ತು ಅಂತ ಬರೆಸಿಕೊಂಡಿದ್ದರು. ಮನಸ್ಸಿಗೆ ಎಲ್ಲಕ್ಕಿಂತ ಕಡಿಮೆ ಹಿತ ಕೊಟ್ಟದ್ದು ಬೆಳಗಿನ ಪ್ರಯಾಣ. ಬ್ರೂನೋ ಫ್ರೇ ಮತ್ತು ಅಲೋಯ್ಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಮಾಹಿತಿ ಹಿಡಿದು ಇನ್ನೊಂದು ಪ್ರಶ್ನೆ ಕೇಳಿದರು. ದೂರ ಓಡಾಡುವವರಿಗೆ ಒಳ್ಳೆ ಸಂಬಳವೋ ಒಳ್ಳೆ ಮನೆಯೋ ಸಿಕ್ಕಿ ಆ ಕಷ್ಟ ಸರಿಹೋಗುತ್ತದಾ? ಹೋಗುವುದಿಲ್ಲ, ಓಡಾಟ ಜಾಸ್ತಿ ಆದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ ಅಂತ ಅವರಿಗೆ ಕಂಡಿತು. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಹತ್ತಿರ ಕೆಲಸ ಬೇಕು ಅನ್ನುವುದು ಸೋಮಾರಿತನ ಅಲ್ಲ.

ಹುಡುಕಾಟದಲ್ಲಿ ನಾನು ಮಾಡಿದ ಮೊದಲ ತಪ್ಪು, ಆ್ಯಪ್‌ನ ದೂರದ ಫಿಲ್ಟರ್ ನಂಬಿದ್ದು. ಅದು ಅಳೆಯುವುದು ನಕ್ಷೆಯ ಮೇಲಿನ ನೇರ ಗೆರೆ. ನಾವು ಹೋಗುವುದು ರಸ್ತೆಯಲ್ಲಿ ಅಲ್ವಾ? ಫಿಲ್ಟರ್‌ನಲ್ಲಿ 6 ಕಿಲೋಮೀಟರ್ ಅಂತ ಕಂಡ ಒಂದು ಆಫೀಸು ರಸ್ತೆಯಲ್ಲಿ 11 ಆಗಿತ್ತು. ನಡುವೆ ರೈಲು ಹಳಿ, ದಾಟಲು ಇರುವುದು ಒಂದೇ ಒಂದು ಕೆಳಸೇತುವೆ. ಆಮೇಲೆ ಗೂಗಲ್ ಮ್ಯಾಪ್ಸ್‌ನಲ್ಲಿ ಇಷ್ಟು ಗಂಟೆಗೆ ತಲುಪಬೇಕು ಅಂತ ಸಮಯ ಹಾಕಿ ನೋಡುವುದನ್ನು ಕಲಿತೆ. ಭಾನುವಾರ ಮಧ್ಯಾಹ್ನ 15 ನಿಮಿಷ ತೋರಿಸಿದ ದಾರಿ ಸೋಮವಾರ ಬೆಳಿಗ್ಗೆಗೆ 50 ನಿಮಿಷ ಆಗಿತ್ತು. ಈಗ ನೀವು ನೋಡುತ್ತಿರುವುದು ಅದೇ ಕೆಳಸೇತುವೆ. ಒಂದು ಸೋಮವಾರ ರಜೆ ಹಾಕಿ, ಕೆಲಸಕ್ಕೆ ಹೋಗುವವಳ ಹಾಗೆಯೇ ಹೊರಟು ಹೋಗಿ ನೋಡಿ ಬಂದೆ. ಆ ಆಫೀಸಿಗೆ ಅರ್ಜಿ ಹಾಕಲಿಲ್ಲ.

ಎರಡನೆಯ ಪೆಟ್ಟು ಇನ್ನೂ ಜೋರಾಗಿತ್ತು. ಮನೆಯಿಂದ 25 ನಿಮಿಷದ ದಾರಿಯ ಒಂದು ಕಂಪನಿಯಲ್ಲಿ ನಾಲ್ಕು ರೌಂಡ್ ಇಂಟರ್‌ವ್ಯೂ ಮುಗಿಸಿದೆ. ಎಲ್ಲ ಚೆನ್ನಾಗಿ ಆಯಿತು. ಕೊನೆಗೆ ಎಚ್‌ಆರ್ ಫೋನ್ ಮಾಡಿ, "ಮೇಡಂ, ನೀವು ಕೂರುವುದು ಕ್ಲೈಂಟ್ ಆಫೀಸಿನಲ್ಲಿ" ಅಂದರು. ಅದು ಊರಿನ ಇನ್ನೊಂದು ತುದಿ. ಹಳೆ ಆಫೀಸಿಗಿಂತಲೂ ದೂರ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ, ನಿಜವಾಗಿ.

ಅಲ್ಲಿಂದ ಮುಂದೆ ಮೊದಲ ಫೋನ್ ಕಾಲ್‌ನಲ್ಲೇ ಕೇಳಿಬಿಡುತ್ತಿದ್ದೆ. ನಾನು ದಿನಾ ಕೂರುವ ಕಟ್ಟಡದ ವಿಳಾಸ ಯಾವುದು? ಹೈಬ್ರಿಡ್, ಅಂದರೆ ಕೆಲವು ದಿನ ಮನೆಯಿಂದ ಕೆಲಸ ಆದರೆ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಆ ದಿನಗಳನ್ನು ಆರಿಸುವುದು ಯಾರು? ಆಫರ್ ಲೆಟರ್‌ನಲ್ಲಿ ಬೇರೆ ಕಡೆಗೆ ವರ್ಗ ಮಾಡಬಹುದು ಅನ್ನುವ ಸಾಲು ಇದೆಯಾ? ಕೆಲವರು ಬೇಜಾರು ಮಾಡಿಕೊಂಡರು. ಒಬ್ಬರು ಕೆರಿಯರ್ ಬಗ್ಗೆ ನಾನು ಸೀರಿಯಸ್ ಇದ್ದೀನಾ ಅಂತಲೇ ಕೇಳಿದರು. ಇದ್ದೇನೆ, ಅದಕ್ಕೇ ಈಗಲೇ ಕೇಳುತ್ತಿದ್ದೇನೆ ಅಂದೆ. ಪೂರ್ತಿ ಮನೆಯಿಂದಲೇ ಮಾಡುವ ರಿಮೋಟ್ ಕೆಲಸಗಳನ್ನೂ ನೋಡಿದೆ, ಆದರೆ ಒಂದೊಂದಕ್ಕೂ ಎಲ್ಲೆಲ್ಲಿಂದಲೋ ಅರ್ಜಿ ಬಂದು ಬೀಳುತ್ತವೆ. ನಾಳೆ ಆಫೀಸಿಗೆ ಬನ್ನಿ ಅಂದರೆ ಆ ಆಫೀಸು ಎಲ್ಲಿರುತ್ತದೋ ಅನ್ನುವ ಚಿಂತೆ ಬೇರೆ.

ದಾರಿ ತೆರೆದದ್ದು ಮೂರನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಸಾಫ್ಟ್‌ವೇರ್ ಕೆಲಸ ಅಂದರೆ ಸಾಫ್ಟ್‌ವೇರ್ ಕಂಪನಿ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಆಸ್ಪತ್ರೆ, ಬ್ಯಾಂಕು, ಕಾಲೇಜು, ಗೋದಾಮು, ಕಾರ್ಖಾನೆ, ಇವರಿಗೂ ಕೋಡ್ ಬರೆಯುವವರು ಬೇಕು. ಆದರೆ ಅಲ್ಲಿ ಹುದ್ದೆಯ ಹೆಸರೇ ಬೇರೆ ಇರುತ್ತದೆ. ಸಿಸ್ಟಮ್ಸ್ ಅನಾಲಿಸ್ಟ್, ಇಆರ್‌ಪಿ (ಸಂಸ್ಥೆಯ ಲೆಕ್ಕ, ದಾಸ್ತಾನು ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಡೆವಲಪರ್, ಅಪ್ಲಿಕೇಶನ್ ಸಪೋರ್ಟ್, ಹೀಗೆ. 'ಸಾಫ್ಟ್‌ವೇರ್ ಎಂಜಿನಿಯರ್' ಅಂತ ಮಾತ್ರ ಹುಡುಕಿದರೆ ಅವು ಕಣ್ಣಿಗೇ ಬೀಳುವುದಿಲ್ಲ.

ಒಂದು ಶನಿವಾರ ನೋಟ್‌ಬುಕ್ ಹಿಡಿದು ಮನೆಯ ಸುತ್ತ ನಡೆದೆ. ಕಟ್ಟಡಗಳ ಬೋರ್ಡ್ ಓದುತ್ತಾ ಹೆಸರು ಬರೆದುಕೊಂಡೆ. ಇದೇ ಆ ಪುಟ, 31 ಹೆಸರು. ಎಷ್ಟೋ ವರ್ಷದಿಂದ ಇದೇ ರಸ್ತೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಮನೆಗೆ ಬಂದು ಒಂದೊಂದರ ವೆಬ್‌ಸೈಟ್ ತೆರೆದೆ. ಕೆಲಸ ಖಾಲಿ ಇದೆ ಅಂತ ಹಾಕಿದ್ದವು ನಾಲ್ಕೇ ನಾಲ್ಕು. ಉಳಿದವರಿಗೆ ನಾನೇ ಮೇಲ್ ಬರೆದೆ. "ನಿಮ್ಮ ಕಟ್ಟಡದಿಂದ 20 ನಿಮಿಷದ ದಾರಿಯಲ್ಲಿ ನನ್ನ ಮನೆ. ಎಂಟು ವರ್ಷದಿಂದ ಜಾವಾ ಮತ್ತು ಡೇಟಾಬೇಸ್ ಕೆಲಸ ಮಾಡುತ್ತಿದ್ದೇನೆ. ಬಹಳ ವರ್ಷ ಇಲ್ಲೇ ಇರುವ ಕೆಲಸ ಹುಡುಕುತ್ತಿದ್ದೇನೆ." ಅಷ್ಟೇ ಬರೆದದ್ದು. ಹತ್ತಿರ ಇದ್ದೇನೆ ಅನ್ನುವುದನ್ನು ಮುಚ್ಚಿಡುವುದು ಬಿಟ್ಟು ಮೊದಲ ಸಾಲಿಗೇ ತಂದೆ. ಐದು ಕಡೆಯಿಂದ ಉತ್ತರ ಬಂತು.

ಅದರಲ್ಲಿ ಒಂದು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ. ಸಂಬಳ ಮೊದಲಿಗಿಂತ ಹತ್ತನೇ ಒಂದು ಭಾಗ ಕಡಿಮೆ. ಮತ್ತೆ ಲೆಕ್ಕಕ್ಕೆ ಕೂತೆ. ಹಳೆ ಸಂಬಳ 100 ಅಂದುಕೊಳ್ಳಿ. 9 ಗಂಟೆ ಆಫೀಸು, 3 ಗಂಟೆ ದಾರಿ, 12ರಿಂದ ಭಾಗಿಸಿದರೆ ಗಂಟೆಗೆ 8.3. ಹೊಸದು 90. 9 ಗಂಟೆ ಆಫೀಸು, 40 ನಿಮಿಷ ದಾರಿ. ಗಂಟೆಗೆ 9.3. ಮನೆಯಿಂದ ಹೊರಗೆ ಕಳೆಯುವ ಒಂದೊಂದು ಗಂಟೆಗೆ ಬೆಲೆ ಜಾಸ್ತಿಯೇ ಆಗಿತ್ತು. ಒಪ್ಪಿಕೊಂಡೆ.

ಇಲ್ಲಿಯ ಕೋಡ್ ಹಳೆಯದು, ಟೀಮಿನಲ್ಲಿ ಇರುವುದು ಮೂರೇ ಜನ. ಆದರೆ ನಾನು ಮಾಡಿದ್ದನ್ನು ಬಳಸುವವರು ಕೆಳಗಿನ ಮಹಡಿಯಲ್ಲೇ ಇದ್ದಾರೆ. ಮೊದಲ ವಾರ ಸ್ಟೋರ್‌ಗೆ ಹೋಗಿ ನಿಂತೆ. ಅಲ್ಲಿನ ಅಣ್ಣ ಒಬ್ಬರು ಪ್ರತಿ ಸಲ ಕೈಗವಸು ಬಿಚ್ಚಿ, ಸ್ಕ್ರೀನ್ ಒತ್ತಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಬಟನ್ ಅಷ್ಟು ಚಿಕ್ಕದು, ಗವಸಿನ ಬೆರಳಿಗೆ ಸಿಗುತ್ತಿರಲಿಲ್ಲ. ಮೇಲೆ ಬಂದು ಬಟನ್ ದೊಡ್ಡದು ಮಾಡಿದೆ. ಮಾರನೇ ದಿನ ಅವರು ಗವಸು ಬಿಚ್ಚಲಿಲ್ಲ. ಎಂಟು ವರ್ಷದ ಕೆಲಸದಲ್ಲಿ ನನ್ನ ಕೋಡ್ ಬಳಸುವವರನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಇವತ್ತು ಆರೂ ಮುಕ್ಕಾಲಿಗೆ ಮನೆಯಲ್ಲಿದ್ದೆ. ಈಗ ಎಂಟು ಗಂಟೆ. ಅಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕೂತಿದ್ದಾರೆ. ಕೆಳಗಿನ ರೆಪ್ಪೆಯನ್ನು ಸ್ವಲ್ಪ ಎಳೆದು ಒಂದು ಹನಿ ಬಿಡಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಎರಡು ನಿಮಿಷ ಹಿಡಿದಿರಬೇಕು. ಆ ಎರಡು ನಿಮಿಷ ಅಪ್ಪ ಕಣ್ಣು ಮುಚ್ಚಿಕೊಂಡೇ, "ಇವತ್ತು ಏನು ಮಾಡಿದೆಯಮ್ಮ ಆಫೀಸಿನಲ್ಲಿ?" ಅಂತ ಕೇಳುತ್ತಾರೆ. ಕ್ಯಾಮೆರಾ ಇಲ್ಲಿಗೆ ಆಫ್ ಮಾಡುತ್ತೇನೆ, ಎರಡೂ ಕೈ ಬೇಕು.